ಒಂದು ಗೆರೆ, ಪಕ್ಕದಲ್ಲಿ ಸಹಿ

ತಮ್ಮ ತೀರಿಕೊಂಡ ಹದಿನೇಳನೇ ದಿನ ಭಾನುವಾರ ಬಂತು. ಬೆಳಗಿನ ಏಳು ಗಂಟೆಯ ಬಸ್ಸಿಗೆ ನಾನು ಸಾಗರದಿಂದ ಹೊಸನಗರಕ್ಕೆ ಹೊರಟೆ. ಚೀಲದಲ್ಲಿ ಅವನ ನೋಟ್ಸಿನ ಕಟ್ಟು, ಒಂದು ಡಿಕ್ಷನರಿ, ಸೀಮೆಸುಣ್ಣದ ಡಬ್ಬಿ. ಕಾರ್ಯಕ್ಕೆ ಬಂದು ಇನ್ನೂ ಮನೆಯಲ್ಲೇ ಉಳಿದಿದ್ದ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಒಂದು ತಿಂಗ್ಳಾದ್ರೂ ಆಗ್ಲಿ ಮಾರಾಯ್ತಿ. ಎಲ್ಲಿಗೆ ಹೊರಟಿದ್ದು?"

"ಕ್ಲಾಸಿದೆ ಅತ್ತೆ."

"ಯಾರ ಕ್ಲಾಸು? ಕ್ಲಾಸ್ ಮಾಡೋನೇ ಹೋದ್ನಲ್ಲ."

ಬಸ್ಸಿಗೆ ಹೊತ್ತಾಗಿತ್ತು. ಅವರ ಪಕ್ಕದಿಂದ ದಾಟಿ ಹೋದೆ.

ನಾನು ಸಾಗರದ ಕೋರ್ಟಿನ ಎದುರು ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪಿಸ್ಟ್. ದಾವೆ, ತಕರಾರು, ಅಫಿಡವಿಟ್ಟು, ವಕಾಲತ್ತು ಇವೆಲ್ಲ ನನ್ನ ಬೆರಳ ಕೆಳಗೆ ಹಾದುಹೋಗುತ್ತವೆ. ಓದಿದ್ದು ಎಸ್ಸೆಸ್ಸೆಲ್ಸಿ, ಜೊತೆಗೆ ಎರಡು ಭಾಷೆಯ ಟೈಪಿಂಗ್. ತಮ್ಮ ವಕೀಲನಾಗಿದ್ದ. ಕಾನೂನು ವಿಶ್ವವಿದ್ಯಾಲಯಗಳಿಗೆ ಪಿಯುಸಿ ಮುಗಿಸಿದ ಕೂಡಲೇ ಸೇರಬಹುದು, ಅದಕ್ಕೊಂದು ಪ್ರವೇಶ ಪರೀಕ್ಷೆ ಇದೆ ಎನ್ನುವುದು ನಮ್ಮ ಕಡೆಯ ಮಕ್ಕಳಿಗೆ ಗೊತ್ತೇ ಇಲ್ಲ ಎಂದು ಅವನಿಗೆ ಸಿಟ್ಟು. ಆ ಸಿಟ್ಟಿನಲ್ಲೇ ಕ್ಲಾಸು ಶುರುಮಾಡಿದ್ದ. ಒಂದು ಭಾನುವಾರ ಸಾಗರ, ಒಂದು ಭಾನುವಾರ ಹೊಸನಗರ, ಒಂದು ಭಾನುವಾರ ತೀರ್ಥಹಳ್ಳಿ, ಬೈಕಿನಲ್ಲಿ ಸುತ್ತುತ್ತಿದ್ದ. ಶನಿವಾರ ಮಧ್ಯಾಹ್ನ ಅವನು ಹೇಳುತ್ತಿದ್ದ ನೋಟ್ಸನ್ನು ನಾನು ಟೈಪ್ ಮಾಡುತ್ತಿದ್ದೆ. ಬೇಸಿಗೆಯ ಕೊನೆಯಲ್ಲಿ ಮಂಗನ ಕಾಯಿಲೆ ಬಂತು. ಹನ್ನೊಂದು ದಿನ ಮಲಗಿದ್ದ. ಅಷ್ಟೇ.

ನನಗೆ ಬೈಕು ಬರುವುದಿಲ್ಲ. ಹಾಗಾಗಿ ಮೂರು ಊರಿನ ಕ್ಲಾಸನ್ನು ಒಂದು ಮಾಡಿ, ನಡುವೆ ಇರುವ ಹೊಸನಗರಕ್ಕೆ ಹಾಕಿಕೊಂಡೆ. ಅಲ್ಲೊಂದು ಹೊಲಿಗೆ ತರಬೇತಿಯ ಕೋಣೆ ಭಾನುವಾರ ಖಾಲಿ ಇರುತ್ತಿತ್ತು. ತಮ್ಮನಿದ್ದಾಗ ಹನ್ನೊಂದು ಮಕ್ಕಳು. ಆ ದಿನ ಬಂದವರು ಮೂವರು.

ಒಬ್ಬಳು ಬ್ಯಾಕೋಡಿನ ಹುಡುಗಿ. ಸಾಗರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು, ನನ್ನದೇ ಬಸ್ಸಿಗೆ ಬಂದಳು. ಇನ್ನೊಬ್ಬ ಹೊಸನಗರದಾಚೆ, ನಗರ ಎನ್ನುವ ಊರಿನ ಕೋಟೆಯ ಪಕ್ಕದ ಹುಡುಗ. ಕೋಟೆ ಹುಡುಗ ಎಂದೇ ಕರೆಯುತ್ತಿದ್ದೆವು. ಮೂರನೆಯವಳು ತೀರ್ಥಹಳ್ಳಿಯವಳು, ಮೂವರಲ್ಲಿ ಇಂಗ್ಲಿಷ್ ಮೀಡಿಯಂ ಓದಿದವಳು ಅವಳೊಬ್ಬಳೇ. ಹೊಲಿಗೆ ಯಂತ್ರಗಳನ್ನೇ ಡೆಸ್ಕು ಮಾಡಿಕೊಂಡು ಕುಳಿತರು. ಉತ್ತರ ಹೊಳೆಯದಿದ್ದರೆ ಕಾಲು ತಾನಾಗಿ ಪೆಡಲು ತುಳಿಯುತ್ತಿತ್ತು. ಎಲ್ಲಿ ತೊಡಕಾಗಿದೆ ಎಂದು ನಾನು ಪುಸ್ತಕ ನೋಡದೆಯೇ ಸದ್ದಿನಲ್ಲಿ ತಿಳಿದುಕೊಳ್ಳುತ್ತಿದ್ದೆ.

"ಸರ್ ಇಲ್ದೆ ಹೆಂಗೆ ಅಕ್ಕಾ?" ಕೋಟೆ ಹುಡುಗ ಮೊದಲ ದಿನವೇ ಕೇಳಿದ.

"ಗೊತ್ತಿಲ್ಲ. ಪುಸ್ತಕ ತೆಗಿ," ಎಂದೆ.

ಪರೀಕ್ಷೆ ಇರುವುದು ಇಂಗ್ಲಿಷಿನಲ್ಲಿ. ನೂರಿಪ್ಪತ್ತು ಪ್ರಶ್ನೆ, ಎರಡು ಗಂಟೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪ್ರಶ್ನೆಗಳು ಬಿಡಿಯಾಗಿ ಬರುವುದಿಲ್ಲ. ಒಂದು ಉದ್ದದ ಬರಹ ಕೊಟ್ಟು ಅದರ ಮೇಲೆ ಐದಾರು ಪ್ರಶ್ನೆ ಕೇಳುತ್ತಾರೆ. ನನ್ನ ಬೆರಳಿಗೆ ಇಂಗ್ಲಿಷ್ ಬರುತ್ತದೆ, ನಾಲಿಗೆಗೆ ಬರುವುದಿಲ್ಲ. ನಾನು ಗಟ್ಟಿಯಾಗಿ ಓದಿದರೆ ತೀರ್ಥಹಳ್ಳಿಯ ಹುಡುಗಿ ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

"ನಗು ಪರವಾಗಿಲ್ಲ," ಎಂದೆ. "ಓದೋದು ನಿನ್ನ ಕೆಲ್ಸ. ಸ್ಪೆಲ್ಲಿಂಗ್ ತಪ್ಪಿದ್ರೆ ನನ್ನ ಕೇಳು."

ಪಾಠ ಮಾಡಲು ನನಗೆ ತಿಳಿಯದು. ದಾವೆ ಟೈಪ್ ಮಾಡಲು ತಿಳಿಯುತ್ತದೆ. ದಾವೆಯಲ್ಲಿ ಪ್ರತಿ ಪ್ಯಾರಾಕ್ಕೂ ನಂಬರು ಇರುತ್ತದೆ. ಒಂದು ಪ್ಯಾರಾದಲ್ಲಿ ಒಂದೇ ಸಂಗತಿ. ಅದನ್ನೇ ಅವರಿಗೆ ಮಾಡಿಸಿದೆ. ಬರಹ ಸಿಕ್ಕ ಕೂಡಲೇ ಪೆನ್ಸಿಲಿನಲ್ಲಿ ನಂಬರು ಹಾಕಬೇಕು. ಪ್ರತಿ ನಂಬರಿನ ಪಕ್ಕ ಕನ್ನಡದಲ್ಲಿ ನಾಲ್ಕೇ ಪದ: ಯಾರು, ಯಾರಿಗೆ, ಏನು ಮಾಡಿದ ಎಂದು. ಕಾನೂನಿನ ನಿಯಮ ಎಲ್ಲಿದೆಯೋ ಅದರ ಸುತ್ತ ಚೌಕ, ನಡೆದ ಸಂಗತಿಯ ಕೆಳಗೆ ಗೆರೆ. ನಾಲ್ಕು ಭಾನುವಾರ ಬರೀ ಇದೇ. ಐದನೆಯದಕ್ಕೆ ಬ್ಯಾಕೋಡಿನ ಹುಡುಗಿ ಎಂಟು ನಿಮಿಷದಲ್ಲಿ ಒಂದು ಬರಹ ಮುಗಿಸಿದಳು. ಮೊದಲು ಅವಳಿಗೆ ಇಪ್ಪತ್ತು ಬೇಕಾಗುತ್ತಿತ್ತು.

ಅಷ್ಟರಲ್ಲಿ ಸುದ್ದಿ ಕೋರ್ಟಿನ ಆವರಣಕ್ಕೆ ತಲುಪಿತ್ತು. ಒಬ್ಬರು ಹಿರಿಯ ವಕೀಲರು ಟೈಪಿಗೆ ಕಾಗದ ಕೊಡಲು ಬಂದವರು ಕುರ್ಚಿ ಎಳೆದುಕೊಂಡು ಕುಳಿತರು.

"ಏನಮ್ಮಾ, ನೀನು ಕಾನೂನು ಕಲಿಸ್ತಾ ಇದೀಯಂತೆ?"

"ಇಲ್ಲ ಸರ್. ಓದೋದನ್ನ ಕಲಿಸ್ತೀನಿ."

"ತಮ್ಮನ ಮೇಲಿನ ಪ್ರೀತಿ, ಒಪ್ತೀನಿ. ಆದ್ರೆ ಮಕ್ಕಳ ಒಂದು ವರ್ಷ ಹಾಳಾದ್ರೆ ಯಾರು ಹೊಣೆ? ದೊಡ್ಡ ಊರಿನ ಮಕ್ಕಳು ಎರಡು ವರ್ಷ ಕೋಚಿಂಗ್ ತಗೊಂಡು ಬರ್ತಾರೆ. ದುಃಖಕ್ಕೆ ಬೇರೆ ದಾರಿ ಹುಡುಕ್ಕೋ."

ನಾನು ಸಿಟ್ಟು ಮಾಡಿಕೊಳ್ಳಲಿಲ್ಲ. ಅವರ ವಕಾಲತ್ತು ಟೈಪ್ ಮಾಡಿ, ಮಾರ್ಜಿನ್ನು ಸರಿಮಾಡಿ ಕೊಟ್ಟೆ. ಅವರು ಹೋದ ಮೇಲೆ ಮುಂದಿನ ಭಾನುವಾರದ ಪ್ರಶ್ನೆಪತ್ರಿಕೆಯನ್ನು ಮೂರು ಪ್ರತಿ ತೆಗೆದೆ. ದುಃಖಕ್ಕೆ ದಾರಿ ಹುಡುಕಲು ನಾನು ಯಾರನ್ನೂ ಕೇಳಿರಲಿಲ್ಲ. ಆದರೆ ಹೊಣೆಯ ಮಾತು ನನ್ನೊಳಗೆ ಕುಳಿತುಬಿಟ್ಟಿತು. ಯಾಕೆಂದರೆ ಬ್ಯಾಕೋಡಿನ ಹುಡುಗಿಗೆ ಅವಳ ಅಪ್ಪ ಒಂದೇ ಮಾತು ಹೇಳಿದ್ದ: ಈ ಪರೀಕ್ಷೆ ಒಂದು ಸಲ ಬರಿ, ಆಗದಿದ್ದರೆ ಕಾನೂನಿನ ಹೆಸರು ಎತ್ತಬಾರದು.

ತೊಡಕು ಬಂದದ್ದು ಆ ಪತ್ರಿಕೆಯಲ್ಲೇ. ಅದರಲ್ಲೊಂದು ಪ್ರಶ್ನೆ. ನಿಯಮ ಹೀಗಿತ್ತು: ಒಬ್ಬರ ಜಾಗದೊಳಗೆ ಅವರ ಒಪ್ಪಿಗೆಯಿಲ್ಲದೆ ಕಾಲಿಟ್ಟರೆ ಅದು ಅತಿಕ್ರಮ ಪ್ರವೇಶ, ಹಾನಿ ಆಗಿರಬೇಕೆಂದಿಲ್ಲ, ಕೆಟ್ಟ ಉದ್ದೇಶವೂ ಇರಬೇಕೆಂದಿಲ್ಲ. ನಡೆದ ಸಂಗತಿ: ಒಬ್ಬ ಹೆಂಗಸು ದಿನಾ ಬಸ್ಸು ಹಿಡಿಯಲು ಪಕ್ಕದ ಮನೆಯ ಅಂಗಳ ಹಾದು ಹೋಗುತ್ತಾಳೆ. ಆ ಮನೆಯವನು ಒಪ್ಪಿಗೆ ಕೊಟ್ಟಿಲ್ಲ. ಇದು ಅತಿಕ್ರಮವೇ?

ಅಲ್ಲ ಎಂದು ಮೂವರೂ ಗುರುತು ಹಾಕಿದ್ದರು.

"ನಿಯಮ ಓದಿದ್ರಲ್ಲ? ಚೌಕಾನೂ ಹಾಕಿದೀರಿ."

"ಓದಿದ್ವಿ ಅಕ್ಕಾ," ಎಂದಳು ಬ್ಯಾಕೋಡಿನ ಹುಡುಗಿ. "ಆದ್ರೆ ಅವ್ಳು ಬಸ್ಸಿಗೆ ಹೋಗ್ಬೇಕಲ್ಲ?"

"ಅಂಗ್ಳದಲ್ಲಿ ಹೋದ್ರೆ ಅವ್ನಿಗೆ ಎಂತ ಕಷ್ಟ?" ಎಂದ ಕೋಟೆ ಹುಡುಗ. "ಪೇಟೆಯಿಂದ ಉಪ್ಪೋ ಸಕ್ರೆಯೋ ತರ್ಸ್ಬೋದು. ಅವ್ನಿಗೇ ಲಾಭ."

ಇಂಗ್ಲಿಷ್ ಮೀಡಿಯಂನವಳೂ ತಲೆಯಾಡಿಸಿದಳು. "ಒಪ್ಗೆ ಯಾರಾದ್ರೂ ಕೇಳ್ತಾರಾ ಅಕ್ಕಾ? ಕೇಳಿದ್ರೆ ಬೇಜಾರು ಮಾಡ್ಕಂತಾರೆ."

ನಮ್ಮ ಕಡೆ ಮನೆಗಳು ಒಂದಕ್ಕೊಂದು ದೂರ. ದಾರಿ ಎನ್ನುವುದು ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಹೋಗುತ್ತದೆ. ಹಾದುಹೋಗುವವರನ್ನು ಮಾತಾಡಿಸದೆ ಬಿಟ್ಟರೆ ಅದು ತಪ್ಪು, ಹಾದುಹೋಗುವುದು ತಪ್ಪಲ್ಲ. ಆ ಮಕ್ಕಳು ಹುಟ್ಟಿದಾಗಿನಿಂದ ನಡೆದದ್ದು ಹಾಗೆ. ಹಳೆಯ ಪತ್ರಿಕೆಗಳನ್ನು ತೆಗೆದು ನೋಡಿದೆ. ಬಾವಿ, ಬೇಲಿ, ದನ, ಪಕ್ಕದವರ ಜಾಗಕ್ಕೆ ಬಿದ್ದ ಹಲಸಿನ ಹಣ್ಣು, ಇಂಥ ಪ್ರಶ್ನೆ ಬಂದಲ್ಲೆಲ್ಲ ಮೂವರೂ ಒಂದೇ ರೀತಿ ತಪ್ಪಿದ್ದರು. ಓದಲು ಬಾರದೆ ಆದ ತಪ್ಪಲ್ಲ. ಓದಿ, ಅರ್ಥಮಾಡಿಕೊಂಡು, ನಿಯಮ ಸರಿಯಿಲ್ಲ ಎಂದು ತೀರ್ಮಾನ ಮಾಡಿ ಹಾಕಿದ ಉತ್ತರಗಳು.

ತಮ್ಮ ಇದನ್ನು ಬಲ್ಲವನಾಗಿದ್ದ. ಅವನ ನೋಟ್ಸಿನ ಮೊದಲ ಪುಟದಲ್ಲೇ ಒಂದು ಸಾಲು ದಪ್ಪಕ್ಷರದಲ್ಲಿತ್ತು: ನಿಮ್ಮ ಊರನ್ನು ಹೊರಗೆ ಬಿಟ್ಟು ಒಳಗೆ ಬನ್ನಿ. ಅದನ್ನು ಅವರಿಗೆ ಓದಿ ಹೇಳಿದೆ. ಮುಂದಿನ ತಪ್ಪಿಗೆ ಮತ್ತೆ ಹೇಳಿದೆ. ಮೂರನೇ ಸಲ ಹೇಳುವಾಗ ನನ್ನ ದನಿಯಲ್ಲಿ ಅವನ ದನಿ ಕೇಳಿದಂತಾಗಿ ಒಂದು ರೀತಿಯ ಸಮಾಧಾನವೂ ಆಯಿತು. ಬ್ಯಾಕೋಡಿನ ಹುಡುಗಿ ಪುಸ್ತಕ ಮುಚ್ಚಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆಗೇ ನೋಡುತ್ತಿದ್ದಳು. ಮುಂದಿನ ಭಾನುವಾರ ಬಸ್ಸಿಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಹಾಸ್ಟೆಲಿನಲ್ಲಿ ಕೇಳಿದರೆ ಊರಿಗೆ ಹೋಗಿದ್ದಾಳೆ ಎಂದರು. ಅರ್ಜಿ ಹಾಕಲು ಉಳಿದದ್ದು ಹನ್ನೆರಡು ದಿನ. ಅಂಗಡಿಗೆ ರಜೆ ಹೇಳಿ ಬ್ಯಾಕೋಡಿನ ಬಸ್ಸು ಹತ್ತಿದೆ. ಲಾಂಚಿಗೆ ಕಾಯುತ್ತಿದ್ದ ಕಾಲ ಹೋಗಿ ಈಗ ಸೇತುವೆ ಆಗಿದೆ; ಡ್ಯಾಮಿನ ಹಿನ್ನೀರು ದಾಟಿದ್ದೇ ತಿಳಿಯುವುದಿಲ್ಲ.

ಅವಳ ಅಪ್ಪ ಜಗುಲಿಯಲ್ಲಿ ಕತ್ತಿ ಮಸೆಯುತ್ತಿದ್ದ. ನೀರು, ಬೆಲ್ಲ ಬಂತು.

"ನೀವು ಎಂತ ಓದೀರಿ ಅಮ್ಮಾ?" ಎಂದು ಕೇಳಿದ.

"ಎಸ್ಸೆಸ್ಸೆಲ್ಸಿ."

"ನಾನೂ ಅದೇಯ! ಮತ್ತೆ ನಾನೇ ಹೇಳ್ಕೊಡ್ಬೋದಿತ್ತಲ್ಲ, ಬಸ್ ಚಾರ್ಜಾದ್ರೂ ಉಳೀತಿತ್ತು."

ಒಳಗಿನಿಂದ ಅವನ ಹೆಂಡತಿ, "ಅವ್ರು ಪಾಸಾಗಿದಾರೆ" ಎಂದಳು. ಅವನೇ ಮೊದಲು ನಕ್ಕ.

ಹುಡುಗಿ ಬಾಗಿಲ ಪಟ್ಟಿಗೆ ಒರಗಿ ನಿಂತಿದ್ದಳು. ಯಾಕೆ ಬರಲಿಲ್ಲ ಎಂದು ಕೇಳಿದೆ. ಹಿನ್ನೀರಿನ ಕಡೆ ಬೆರಳು ಮಾಡಿ ಹೇಳಿದಳು:

"ಊರನ್ನ ಹೊರಗೆ ಬಿಟ್ಟು ಬಾ ಅಂದ್ರಲ್ಲ ಅಕ್ಕಾ. ನಮ್ಮಜ್ಜನ ಊರು ಆ ನೀರೊಳಗಿದೆ. ಡ್ಯಾಮಿಗೆ ಬಿಡ್ಸಿದ್ರು. ಈಗಿರೋ ಜಾಗಕ್ಕೆ ಇನ್ನೂ ಸರಿಯಾದ ಪತ್ರ ಇಲ್ಲ. ಅದಕ್ಕೇ ಕಾನೂನು ಓದ್ತೀನಿ ಅಂದಿದ್ದು. ಅಲ್ಲೂ ಮೊದ್ಲು ಊರು ಬಿಡು ಅಂದ್ರೆ, ಎಷ್ಟ್ ಸಲ ಬಿಡೋದು?"

ಅಷ್ಟರಲ್ಲಿ ಹೆಡಿಗೆ ಹೊತ್ತ ಹೆಂಗಸೊಬ್ಬಳು ಅಂಗಳದ ಆ ತುದಿಯಿಂದ ಬಂದು, ಜಗುಲಿಯ ಪಕ್ಕದಲ್ಲೇ ಹಾದು, "ಯಾರು ನೆಂಟ್ರಾ? ಸಾಗರದೋರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಈ ತುದಿಯಿಂದ ಇಳಿದು ಹೋದಳು. ಯಾರೂ ತಲೆ ಎತ್ತಲಿಲ್ಲ.

"ಈ ದಾರಿ ಯಾರದು?" ಎಂದು ಅಪ್ಪನನ್ನು ಕೇಳಿದೆ.

ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ದಾರಿ ಯಾರದ್ದು ಅಂದ್ರೆ? ನಡೆಯೋರದ್ದು."

ವಾಪಸು ಬರುವ ಬಸ್ಸಿನಲ್ಲಿ ನೋಟ್ಸಿನ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಇಪ್ಪತ್ತಾರು ವರ್ಷ ನಾನು ಟೈಪ್ ಮಾಡಿದ ದಾವೆಗಳು ನೆನಪಾದವು. 'ವಾದಿಯು ಮತ್ತು ವಾದಿಯ ಹಿರಿಯರು ತಲೆತಲಾಂತರದಿಂದ, ಯಾರ ಅಡ್ಡಿಯೂ ಇಲ್ಲದೆ ಸದರಿ ದಾರಿಯಲ್ಲಿ ಓಡಾಡುತ್ತ ಬಂದಿರುತ್ತಾರೆ.' ಈ ವಾಕ್ಯವನ್ನು ನಾನು ಎಷ್ಟು ಸಲ ಹೊಡೆದಿದ್ದೇನೋ ಲೆಕ್ಕವಿಲ್ಲ. ಅಂಥ ದಾರಿ ಹಕ್ಕಿನ ದಾವೆ ಗೆದ್ದವರನ್ನೂ ಕಂಡಿದ್ದೇನೆ. ಹಾಗಿದ್ದರೆ ಆ ಮಕ್ಕಳ ಉತ್ತರ ದಡ್ಡತನದ್ದಲ್ಲ. ಅದು ಬೇರೊಂದು ಪ್ರಶ್ನೆಯ ಉತ್ತರ. ನಾನು ಅದನ್ನು ಹೊರಗೆ ಬಿಡಿ ಎಂದಿದ್ದೆ. ತಮ್ಮನೂ ಅಂದಿದ್ದ.

ಕೋರ್ಟಿಗೆ ಹೋಗುವ ಕಾಗದದಲ್ಲಿ ಏನನ್ನೂ ಅಳಿಸುವಂತಿಲ್ಲ. ಬಿಳಿ ಬಳಿಯುವಂತಿಲ್ಲ, ಗೀಚುವಂತಿಲ್ಲ. ತಪ್ಪಿದ ಪದದ ಮೇಲೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಕೆಳಗಿನ ಪದ ಓದಲು ಬರುವಂತೆಯೇ ಇರಬೇಕು. ಏನಿತ್ತು, ಏನಾಯಿತು, ಯಾರು ಮಾಡಿದರು, ಮೂರೂ ಕಾಣಬೇಕು.

ಅಂಗಡಿಗೆ ಬಂದು ಮೊದಲ ಪುಟ ತೆಗೆದೆ. ಅವನ ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ ಎಂದು ಅವನು ಹೋದ ದಿನ ಅಂದುಕೊಂಡಿದ್ದೆ. ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಅವನಿದ್ದಿದ್ದರೆ ಜಗಳ ಆಡುತ್ತಿದ್ದ. ಜಗಳ ಆಡಿ, ಶನಿವಾರ ಬಂದು, "ಸರಿ, ಬದಲಾಯಿಸು ಅಕ್ಕಾ" ಎನ್ನುತ್ತಿದ್ದ. ಆ ಶನಿವಾರ ಇನ್ನು ಬರುವುದಿಲ್ಲ. ಅಡಿಪಟ್ಟಿ ಇಟ್ಟು ಗೆರೆ ಎಳೆದೆ. ಮೇಲೆ ಬರೆದೆ: ನಿಮ್ಮ ಊರನ್ನು ಒಳಗೆ ಕರೆತನ್ನಿ. ಎರಡು ಗಂಟೆ ಬಾಗಿಲ ಹತ್ತಿರ ಕೂರಿಸಿ. ಪಕ್ಕದಲ್ಲಿ ಸಹಿ ಹಾಕಿದೆ.

ಹುಡುಗಿ ಕಾಲೇಜಿಗೆಂದು ಹಾಸ್ಟೆಲಿಗೆ ಮರಳಿದ ಮೇಲೆ ಅದರ ಝೆರಾಕ್ಸನ್ನು ಅಲ್ಲಿ ಕೊಟ್ಟುಬಂದೆ. ಭಾನುವಾರ ಏಳು ಗಂಟೆಯ ಬಸ್ಸಿಗೆ ಹುಡುಗಿ ಬಂದಳು. ನನ್ನ ಚೀಲ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಆ ದಿನದಿಂದ ಪ್ರತಿ ಪ್ರಶ್ನೆಗೂ ಎರಡು ಉತ್ತರ. ಹಾಳೆಯ ನಡುವೆ ಗೆರೆ ಎಳೆಯಬೇಕು. ಎಡಕ್ಕೆ ಊರಿನ ಉತ್ತರ, ಬಲಕ್ಕೆ ಪತ್ರಿಕೆಯ ಉತ್ತರ. ಊರಿನದನ್ನೇ ಮೊದಲು ಬರೆಯಬೇಕು, ಕಾರಣ ಸಮೇತ, ನಾಚಿಕೆಯಿಲ್ಲದೆ. ಅದು ಮುಗಿದ ಮೇಲೆ ಚೌಕ ಹಾಕಿದ ನಿಯಮಕ್ಕೆ ಹೋಗಬೇಕು. ಆ ನಿಯಮ ಒಂದೇ ಇರುವ ಊರಿನಲ್ಲಿ ಇದಕ್ಕೆ ಏನು ತೀರ್ಪು? ಮೊದಲೆರಡು ವಾರ ಕೋಣೆಯಲ್ಲಿ ಪೆಡಲಿಗಿಂತ ಬಾಯಿಯ ಸದ್ದೇ ಹೆಚ್ಚು.

"ಹಲಸಿನ ಹಣ್ಣು ಬಿದ್ದೋರಿಗೇ ಸೇರ್ಬೇಕು," ಎನ್ನುತ್ತಿದ್ದ ಕೋಟೆ ಹುಡುಗ.

"ಹಣ್ಣು ಬಿದ್ದಿದ್ದು ನಿನ್ ತಲೆ ಮೇಲೆ ಇರ್ಬೇಕು," ತೀರ್ಥಹಳ್ಳಿಯವಳು. "ಪತ್ರಿಕೆ ಎಂತ ಹೇಳ್ತದೆ ನೋಡು ಮಾರಾಯ."

ಬರೆದು ಇಳಿಸಿದ ಮೇಲೆ ಊರು ಅಡ್ಡ ಬರುವುದು ನಿಂತಿತು. ಹೇಳಬೇಕಾದ್ದನ್ನು ಹೇಳಿ ಆದವರು ಸುಮ್ಮನಾಗುವ ಹಾಗೆ. ಆಮೇಲೆ ಎಡದ ಉತ್ತರವನ್ನು ಬರೆಯದೆ ಮನಸ್ಸಿನಲ್ಲೇ ಹೇಳಿಕೊಳ್ಳುವುದು ಅಭ್ಯಾಸ ಮಾಡಿಸಿದೆ. ನವೆಂಬರ್ ಹೊತ್ತಿಗೆ ಈ ಭಾಗದಲ್ಲಿ ಮೂವರೂ ಹತ್ತಕ್ಕೆ ಎಂಟು ಸರಿ ಮಾಡುತ್ತಿದ್ದರು.

ನಡುವೆ ಅರ್ಜಿಯ ಗೋಳು. ಬ್ಯಾಕೋಡಿನ ಹುಡುಗಿಯ ಹೆಸರು ಅಂಕಪಟ್ಟಿಯಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ಆನ್‌ಲೈನ್ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಇಂಥಲ್ಲೇ ಎಂದು ಗೊತ್ತಿದ್ದರಿಂದ ಎರಡು ದಿನ ಆಧಾರ್ ಕೇಂದ್ರಕ್ಕೂ ನಾಡಕಚೇರಿಗೂ ಓಡಾಡಿದೆವು. ಅಫಿಡವಿಟ್ಟು ನಾನೇ ಟೈಪ್ ಮಾಡಿದೆ. ನನ್ನ ಬದುಕಿನಲ್ಲಿ ಒಂದು ಅಕ್ಷರವೂ ತಪ್ಪದೆ ಇರಲಿ ಎಂದು ಹೆದರಿ ಟೈಪ್ ಮಾಡಿದ್ದು ಅದೊಂದೇ.

ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಪರೀಕ್ಷೆ. ಮೂವರನ್ನೂ ಕರೆದುಕೊಂಡು ಹೋದೆ. ಗೇಟಿನ ಹೊರಗೆ ಕಾರುಗಳು ಸಾಲಾಗಿದ್ದವು. ತಂದೆತಾಯಿಗಳು ಕೋಚಿಂಗ್ ಹೆಸರಿನ ಚೀಲ ಹಿಡಿದು ನಿಂತಿದ್ದರು. ಒಬ್ಬಾಕೆ ನನ್ನನ್ನು, "ನಿಮ್ಮ ಮಕ್ಕಳು ಯಾವ ಇನ್‌ಸ್ಟಿಟ್ಯೂಟು?" ಎಂದು ಕೇಳಿದರು. "ಹೊಲಿಗೆ ಕ್ಲಾಸು," ಎಂದೆ. ಆಕೆ ಮತ್ತೆ ಕೇಳಲಿಲ್ಲ. ನಾಲ್ಕು ಗಂಟೆಗೆ ಮಕ್ಕಳು ಹೊರಬಂದರು.

"ದಾರಿ ಬಂದಿತ್ತಾ?" ಎಂದು ಬ್ಯಾಕೋಡಿನ ಹುಡುಗಿಯನ್ನು ಕೇಳಿದೆ.

"ದಾರಿ ಬರ್ಲಿಲ್ಲ ಅಕ್ಕಾ. ಬಾವಿ ಬಂತು."

"ಊರು ಎಂತ ಹೇಳ್ತು?"

"ಹೇಳ್ತು. ಕೇಳಿಸ್ಕಂಡೆ. ಕೂರು ಅಂದೆ."

ಫಲಿತಾಂಶ ಹೇಳಿಬಿಡುತ್ತೇನೆ. ಕೋಟೆ ಹುಡುಗನಿಗೆ ಸೀಟು ಸಿಗಲಿಲ್ಲ. ಪಿಯುಸಿ ಅಂಕದ ಮೇಲೆ ಶಿವಮೊಗ್ಗದಲ್ಲಿ ಐದು ವರ್ಷದ ಕಾನೂನು ಕೋರ್ಸಿಗೆ ಸೇರಿದ. ತೀರ್ಥಹಳ್ಳಿಯವಳಿಗೆ ಸ್ವಲ್ಪದರಲ್ಲಿ ತಪ್ಪಿತು. ಮತ್ತೆ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಬ್ಯಾಕೋಡಿನ ಹುಡುಗಿಯ ಹೆಸರು ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. "ಸಾಕು, ಇನ್ನು ಬಿಡು" ಎಂದು ಅವಳ ಅಪ್ಪ ಫೋನು ಮಾಡಿದ. "ಇನ್ನೊಂದು ಪಟ್ಟಿ ಇದೆ. ಅದು ಬರೋವರೆಗೆ ನೀವು ಕೊಟ್ಟ ಮಾತು ಮುಗಿದಿಲ್ಲ," ಎಂದೆ. ನಾನು ಯಾರಿಗೂ ಅಷ್ಟು ಗಟ್ಟಿಯಾಗಿ ಮಾತಾಡಿದವಳಲ್ಲ. ಮೂರನೇ ಪಟ್ಟಿಯಲ್ಲಿ, ಎರಡು ರಾಜ್ಯ ದಾಟಿದ ಮೇಲಿನ ಒಂದು ಕಾನೂನು ವಿಶ್ವವಿದ್ಯಾಲಯದಲ್ಲಿ ಅವಳಿಗೆ ಸೀಟು ಬಂತು. ಅಪ್ಪ ಹೊಸ ಟ್ರಂಕು ಹೊತ್ತುಕೊಂಡು ಅವಳ ಜೊತೆ ರೈಲು ಹತ್ತಿದ.

ಹಿರಿಯ ವಕೀಲರು ಅಂಗಡಿಗೆ ಬಂದವರು, "ನಿನ್ನ ಹುಡುಗಿಗೆ ಸೀಟಂತೆ?" ಎಂದರು.

"ಹೌದು ಸರ್. ನಿಮ್ಮ ತಕರಾರು ಅರ್ಜಿಯ ಮೂರನೇ ಪ್ಯಾರಾದಲ್ಲಿ ಎರಡು ಸಂಗತಿ ಸೇರಿಕೊಂಡಿವೆ. ಬೇರೆ ಮಾಡ್ಲಾ?"

ಅವರು ಕಾಗದ ತೆಗೆದುಕೊಂಡು ಓದಿದರು. "ಮಾಡು," ಎಂದರು.

ಈ ವರ್ಷ ಹೊಲಿಗೆ ಕೋಣೆಗೆ ಒಂಬತ್ತು ಮಕ್ಕಳು ಬರುತ್ತಿದ್ದಾರೆ. ಮೊನ್ನೆ ಮೊದಲ ರಜೆಗೆ ಊರಿಗೆ ಬಂದ ಬ್ಯಾಕೋಡಿನ ಹುಡುಗಿಯೂ ನನ್ನ ಜೊತೆ ಬಸ್ಸಿನಲ್ಲಿ ಬಂದಳು. ಒಂಬತ್ತೂ ಮಕ್ಕಳು ದಾರಿಯ ಪ್ರಶ್ನೆಗೆ ತಪ್ಪು ಗುರುತು ಹಾಕಿ ಜಗಳ ಆಡುತ್ತಿದ್ದರು. ಅವಳು ಗೋಡೆಗೆ ಒರಗಿ ಕೇಳಿಸಿಕೊಂಡಳು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು: ಅಲ್ಲಿ ಮೇಷ್ಟ್ರು ಇದೇ ಅಂಗಳದ ಪ್ರಶ್ನೆ ಕೇಳಿದರಂತೆ. ಕ್ಲಾಸೆಲ್ಲ ಅತಿಕ್ರಮ ಎಂದಿತಂತೆ. ಇವಳೊಬ್ಬಳೇ ಎದ್ದು, ಎಷ್ಟು ವರ್ಷದಿಂದ ನಡೆಯುತ್ತಿದ್ದಾಳೆ ಎಂದು ಮೊದಲು ಕೇಳಬೇಕು ಸರ್ ಎಂದಳಂತೆ. ಮೇಷ್ಟ್ರು ಮುಂದಿನ ಪಾಠವನ್ನು ಅಲ್ಲಿಂದಲೇ ಶುರುಮಾಡಿದರಂತೆ.

"ಅಕ್ಕಾ, ನೋಟ್ಸ್ ಕೊಡಿ," ಎಂದಳು.

ಮೊದಲ ಪುಟ ತೆಗೆದಳು. ಕೆಳಗೆ ತಮ್ಮನ ಸಾಲು, ಅದರ ಮೇಲೆ ನನ್ನ ಗೆರೆ, ಮೇಲೆ ನನ್ನ ಸಾಲು. ಪೆಟ್ಟಿಗೆಯಿಂದ ಹೊಲಿಗೆಯವರ ಅಳತೆಪಟ್ಟಿ ತೆಗೆದು ಇಟ್ಟು, ನನ್ನ 'ಬಾಗಿಲ ಹತ್ತಿರ'ದ ಮೇಲೆ ಒಂದೇ ಒಂದು ಗೆರೆ ಎಳೆದಳು. ಮೇಲೆ 'ಪಕ್ಕದಲ್ಲಿ' ಎಂದು ಬರೆದಳು. ಸಹಿ ಹಾಕಿ ನನ್ನ ಕಡೆ ತಿರುಗಿಸಿ ಹಿಡಿದಳು.

ಕನ್ನಡಕ ಹಾಕಿಕೊಂಡು ನೋಡಿದೆ. ಮೂವರದೂ ಓದಲು ಬರುತ್ತಿತ್ತು.